ಬುಡದಿಂದಲೋ, ಭುಜದಿಂದಲೋ? ರೈಫಲ್ ಕೇಸ್ ಟ್ರಿಮ್ಮರ್ ಆರಿಸುವ ಮೊದಲು

ಮೂರು ಸಲ ಹಾರಿಸಿದ ಒಂದು .308 ವಿಂಚೆಸ್ಟರ್ ರೈಫಲ್ ತೋಟಾದ ಖಾಲಿ ಹಿತ್ತಾಳೆ ಕೇಸ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ತೊಳೆದಿದ್ದೀರಿ, ಡೈ ಎಂಬ ಅಚ್ಚಿಗೆ ಹಾಕಿ ಮೊದಲಿನ ಆಕಾರಕ್ಕೆ ತಂದಿದ್ದೀರಿ. ನೋಡೋಕೆ ಹೊಸದರ ಹಾಗೇ ಇದೆ. ಡಿಜಿಟಲ್ ಕ್ಯಾಲಿಪರ್‌ನ ದವಡೆಗಳ ನಡುವೆ ಇಟ್ಟರೆ 51.25 ಮಿ.ಮೀ. ತೋರಿಸುತ್ತದೆ. ಕೈಪಿಡಿ ತೆಗೆದರೆ ಗರಿಷ್ಠ ಉದ್ದ 51.18 ಮಿ.ಮೀ. ಅಂತಿದೆ. ಜಾಸ್ತಿ ಇರೋದು 0.07 ಮಿ.ಮೀ. ಹೆಚ್ಚೂ ಕಡಿಮೆ ಒಂದು ತಲೆಕೂದಲಿನ ದಪ್ಪ.

ಆ ಒಂದು ಕೂದಲೆಳೆಯ ಕಾರಣಕ್ಕೆ ಈ ಕೇಸಿಗೆ ಹೀಗೇ ಮತ್ತೆ ಮದ್ದು, ಗುಂಡು ತುಂಬುವ ಹಾಗಿಲ್ಲ. ಬಾಯಿಯ ಕಡೆಯಿಂದ ಸ್ವಲ್ಪ ಹೆರೆದು ಗಿಡ್ಡ ಮಾಡಬೇಕು. ಈ ಕೆಲಸಕ್ಕೆ ಟ್ರಿಮ್ಮಿಂಗ್ ಅಂತಾರೆ, ಮಾಡುವ ಸಾಧನಕ್ಕೆ ಟ್ರಿಮ್ಮರ್ ಅಂತಾರೆ. ಒಂದು ಕೊಳ್ಳೋಣ ಅಂತ ಹೊರಟರೆ ತಲೆ ತಿರುಗುತ್ತದೆ. ಅಂಗೈಯಲ್ಲಿ ಅಡಗುವ ಎರಡು ಚೂರು ಲೋಹದಿಂದ ಹಿಡಿದು ಮೋಟಾರು ಓಡುವ ಯಂತ್ರದವರೆಗೆ ಎಲ್ಲದಕ್ಕೂ ಅದೇ ಹೆಸರು. ಬೆಲೆಯಲ್ಲಿ ಅಜಗಜಾಂತರ.

ಹೊಸಬರು ಸಾಮಾನ್ಯವಾಗಿ ಬೆಲೆ ನೋಡುತ್ತಾರೆ, ಇಲ್ಲವೇ ವೇಗ ನೋಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಸಾಧನ ಉದ್ದವನ್ನು ಎಲ್ಲಿಂದ ಅಳೆಯುತ್ತದೆ? ಕೇಸಿನ ಬುಡದಿಂದಲೋ, ಭುಜದಿಂದಲೋ? ಇದು ಗೊತ್ತಾದರೆ ಉಳಿದ ಆಯ್ಕೆ ಅರ್ಧ ಸುಲಭ.

## ಕೇಸ್ ಅಂದರೆ ಏನು, ಅದರ ಮೈಯಲ್ಲಿ ಏನೇನಿದೆ

ಒಂದು ತೋಟಾದಲ್ಲಿ ನಾಲ್ಕು ಭಾಗ. ಮುಂದೆ ಹಾರಿಹೋಗುವ ಗುಂಡು, ಒಳಗೆ ಉರಿಯುವ ಮದ್ದು, ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಇವೆಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಹಿತ್ತಾಳೆಯ ಕೇಸ್. ಹಾರಿಸಿದ ಮೇಲೆ ಗುಂಡು ಹೋಯಿತು, ಮದ್ದು ಹೋಯಿತು, ಪ್ರೈಮರ್ ಸತ್ತಿತು. ಕೈಗೆ ಉಳಿಯೋದು ಕೇಸ್ ಒಂದೇ. ಅದನ್ನು ಸರಿಪಡಿಸಿ ಮತ್ತೆ ತುಂಬುವುದೇ ರೀಲೋಡಿಂಗ್. ಇದಕ್ಕೆ ಯಾವ ಪರವಾನಗಿ ಬೇಕು ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ. ಸಾಧನ ಕೊಳ್ಳುವ ಮೊದಲೇ ಅದನ್ನು ತಿಳಿದುಕೊಳ್ಳಿ.

ಕೇಸಿನ ಭಾಗಗಳಿಗೆ ನಮ್ಮ ಮೈಯ ಹೆಸರುಗಳೇ ಇವೆ, ನೆನಪಿಡೋಕೆ ಸುಲಭ. ಕೆಳಗಿನ ದಪ್ಪ ತುದಿ ಬುಡ. ಬುಡದ ಸುತ್ತ ಉಗುರು ಸಿಕ್ಕುವ ಹಾಗೆ ಒಂದು ಅಂಚು, ಅದು ರಿಮ್. ಅಲ್ಲಿಂದ ಮೇಲಕ್ಕೆ ಉದ್ದನೆಯ ಮೈ. ಮೈ ಒಮ್ಮೆಲೇ ಕಿರಿದಾಗುವ ಇಳಿಜಾರು ಭುಜ. ಭುಜದ ಮೇಲೆ ಗುಂಡನ್ನು ಹಿಡಿಯುವ ಸಣ್ಣ ಕೊಳವೆ ಕತ್ತು. ಕತ್ತಿನ ತುದಿ ಬಾಯಿ. ಬುಡದ ಒಳಗೆ ನಟ್ಟನಡುವೆ ಒಂದು ಸಣ್ಣ ತೂತಿದೆ. ಪ್ರೈಮರಿನ ಬೆಂಕಿ ಮದ್ದಿಗೆ ತಲುಪೋದು ಅದರ ಮೂಲಕ. ಅದಕ್ಕೆ ಫ್ಲ್ಯಾಶ್ ಹೋಲ್ ಅಂತಾರೆ. ಮುಂದೆ ಒಂದು ಕಡೆ ಇದರ ನೆನಪು ಬೇಕಾಗುತ್ತದೆ.

## ಹಿತ್ತಾಳೆ ಬೆಳೆಯೋದು ಹೇಗೆ

ಕೇಸಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಹಿಗ್ಗಿ ಮತ್ತೆ ಸ್ವಲ್ಪ ಕುಗ್ಗುವ ಗುಣ ಇದಕ್ಕಿದೆ. ಗುಂಡು ಹಾರಿದಾಗ ಕೇಸ್ ಉಬ್ಬಿ, ಕೋವಿಯಲ್ಲಿ ತೋಟಾ ಕೂರುವ ಜಾಗವಾದ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ ಬರದ ಹಾಗೆ ತಡೆಯೋದು ಈ ಉಬ್ಬೇ. ಒತ್ತಡ ಇಳಿದ ಮೇಲೆ ಕೇಸ್ ಕೊಂಚ ಕುಗ್ಗಿ ಗೋಡೆ ಬಿಡುತ್ತದೆ. ಆದರೆ ಪೂರ್ತಿ ಮೊದಲಿನ ಅಳತೆಗೆ ಬರೋದಿಲ್ಲ.

ಆದ್ದರಿಂದ ಮತ್ತೆ ತುಂಬುವ ಮೊದಲು ಅದನ್ನು ಸೈಜಿಂಗ್ ಡೈ ಎಂಬ ಗಟ್ಟಿ ಉಕ್ಕಿನ ಅಚ್ಚಿನೊಳಗೆ ತಳ್ಳಿ ಹಿಂಡುತ್ತೇವೆ. ಹಸಿ ಜೇಡಿಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಸುತ್ತಲೂ ಒತ್ತಡ ಬಿದ್ದರೆ ಅದು ಬೆರಳುಗಳ ಮೇಲುಗಡೆಯಿಂದ ಹೊರಗೆ ಬರುತ್ತದೆ, ಅಲ್ವಾ? ಹಿತ್ತಾಳೆಯೂ ಹಾಗೇ. ಸುತ್ತಲಿಂದ ಹಿಂಡಿದಾಗ ಅದಕ್ಕೆ ಹೋಗೋಕೆ ಉಳಿದ ದಾರಿ ಮೇಲಕ್ಕೆ, ಕತ್ತಿನ ಕಡೆಗೆ. ಡೈಯಿಂದ ಹೊರಗೆ ಎಳೆಯುವಾಗ, ಕತ್ತನ್ನು ಒಳಗಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಗುಂಡಿ ಅದನ್ನು ಇನ್ನಷ್ಟು ಎಳೆಯುತ್ತದೆ. ಕತ್ತಿನ ಒಳಗೆ ಒಂಚೂರು ಗ್ರೀಸ್ ಇಲ್ಲದಿದ್ದರೆ ಈ ಎಳೆತ ಜಾಸ್ತಿ.

ಹೀಗೆ ಪ್ರತಿ ಸುತ್ತಿನಲ್ಲೂ ಕೇಸ್ ಕೂದಲೆಳೆ ಕೂದಲೆಳೆಯಷ್ಟು ಉದ್ದವಾಗುತ್ತದೆ. ಕೆಲವು ಕೇಸ್‌ಗಳಿಗೆ ಎರಡೇ ಸಲಕ್ಕೆ ಟ್ರಿಮ್ ಬೇಕಾಗುತ್ತದೆ, ಕೆಲವು ನಾಲ್ಕೈದು ಸಲ ತಾಳುತ್ತವೆ. ಕೋವಿ, ಡೈ, ಹಿತ್ತಾಳೆ ಮೂರರ ಮೇಲೂ ಅದು ನಿಂತಿದೆ. ಎಣಿಸಿ ಅಂದಾಜು ಮಾಡೋದಲ್ಲ, ಪ್ರತಿ ಸಲ ಅಳೆಯೋದೇ ದಾರಿ.

## ಕೂದಲೆಳೆಯಷ್ಟು ಜಾಸ್ತಿಯಾದರೆ ಏನಾಗುತ್ತದೆ

ಚೇಂಬರಿನಲ್ಲಿ ಕತ್ತಿಗೆ ಅಂತ ಕೊರೆದ ಜಾಗ ಒಂದು ಕಡೆ ಮುಗಿಯುತ್ತದೆ. ಅಲ್ಲಿಂದ ಮುಂದೆ ನಳಿಗೆ ಕಿರಿದಾಗುತ್ತದೆ. ಕೇಸ್ ಅಳತೆ ಮೀರಿ ಉದ್ದವಾಗಿದ್ದರೆ ಬಾಯಿ ಆ ಕಿರಿದಾದ ಜಾಗಕ್ಕೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟನ್ನು ಹಾಕುವಾಗ ಕೈಗೆ ಗೊತ್ತೂ ಆಗದೆ ಇರಬಹುದು, ಏಕೆಂದರೆ ಅದರ ಹಿಡಿತದ ಬಲ ದೊಡ್ಡದು.

ಈಗ ಕತ್ತು ಹಿಗ್ಗಿ ಗುಂಡನ್ನು ಬಿಡಬೇಕು. ಹಿಗ್ಗೋಕೆ ಜಾಗವೇ ಇಲ್ಲ. ಬಾಟಲಿಯ ಬೂಚು ಹೊರಬರುವ ಹೊತ್ತಿಗೆ ಯಾರೋ ಸುತ್ತ ಬಿಗಿಯಾಗಿ ಹಿಡಿದ ಹಾಗೆ. ಬೂಚು ತಡವಾದಷ್ಟೂ ಒಳಗಿನ ಒತ್ತಡ ಏರುತ್ತದೆ. .308 ವಿಂಚೆಸ್ಟರ್‌ಗೆ ಅಮೆರಿಕದ ಮಾನಕ ಒಪ್ಪುವ ಗರಿಷ್ಠ ಒತ್ತಡವೇ 62,000 ಪಿ.ಎಸ್.ಐ. ಕಾರಿನ ಟೈರಿನಲ್ಲಿ ಇರೋದು ಮೂವತ್ತರ ಆಸುಪಾಸು. ಅಂದರೆ ಎಲ್ಲವೂ ಸರಿಯಿದ್ದಾಗಲೇ ಟೈರಿನ ಸುಮಾರು 2,000 ಪಟ್ಟು. ಅದರ ಮೇಲೆ ಇನ್ನಷ್ಟು ಏರಿದರೆ ಕೇಸ್ ಒಡೆಯಬಹುದು, ಕೋವಿ ಕೆಡಬಹುದು, ಅದರ ಹಿಂದಿರೋದು ನಿಮ್ಮ ಮುಖ.

ನಿಜ, ಬಹಳಷ್ಟು ಕೋವಿಗಳ ಚೇಂಬರಿನಲ್ಲಿ ಗರಿಷ್ಠ ಉದ್ದಕ್ಕಿಂತ ಕೊಂಚ ಜಾಸ್ತಿಯೇ ಜಾಗವಿರುತ್ತದೆ. ಆದರೆ ನಿಮ್ಮ ಕೋವಿಯಲ್ಲಿ ಎಷ್ಟಿದೆ ಅಂತ ಗೇಜ್ ಹಾಕಿ ಅಳೆಯದೆ ಗೊತ್ತಾಗೋದಿಲ್ಲ. ಅದನ್ನು ನಂಬಿಕೊಂಡು ಕೂರೋದು ಬೇಡ.

ಗಿಡ್ಡವಾದರೆ? ಅಷ್ಟು ಅಪಾಯ ಇಲ್ಲ. ಕತ್ತಿನ ಹಿಡಿತ ಕೊಂಚ ಕಡಿಮೆಯಾಗುತ್ತದೆ. ಬಾಯಿಯ ಮುಂದೆ ಖಾಲಿ ಉಳಿದ ಜಾಗದಲ್ಲಿ ಮಸಿ ಕಟ್ಟುತ್ತದೆ. ಬೇಕಂತಲೇ ಗಿಡ್ಡ ಮಾಡಬೇಕಿಲ್ಲ, ಆಯಿತು ಅಂತ ಗಾಬರಿಯೂ ಬೇಡ.

## ಎರಡು ಅಂಕಿ, ಎರಡೂವರೆ ಹಾಳೆ

ಕೈಪಿಡಿಯಲ್ಲಿ ಪ್ರತಿ ತೋಟಾಕ್ಕೂ ಎರಡು ಉದ್ದ ಕಾಣುತ್ತದೆ. ಒಂದು ಗರಿಷ್ಠ ಉದ್ದ, ಅದನ್ನು ದಾಟಬಾರದು. ಇನ್ನೊಂದು ಟ್ರಿಮ್ ಉದ್ದ, ಕತ್ತರಿಸುವಾಗ ಇಲ್ಲಿಗೆ ತನ್ನಿ ಅನ್ನೋದು. .308ಕ್ಕೆ ಇವು 51.18 ಮತ್ತು 50.93 ಮಿ.ಮೀ. .223 ರೆಮಿಂಗ್ಟನ್‌ಗೆ 44.70 ಮತ್ತು 44.45. .30-06 ಸ್ಪ್ರಿಂಗ್‌ಫೀಲ್ಡ್‌ಗೆ 63.35 ಮತ್ತು 63.09. ಗರಿಷ್ಠ ಉದ್ದಗಳನ್ನು ನಿಗದಿ ಮಾಡೋದು ಅಮೆರಿಕದಲ್ಲಿ 1926ರಲ್ಲಿ ಹುಟ್ಟಿದ ಸ್ಯಾಮಿ ಸಂಸ್ಥೆ, ಯುರೋಪಿನಲ್ಲಿ 1914ರಲ್ಲಿ ಶುರುವಾದ ಸಿ.ಐ.ಪಿ.

ಎರಡು ಅಂಕಿಗಳ ನಡುವಿನ ಅಂತರ ಗಮನಿಸಿದಿರಾ? ಎಲ್ಲದರಲ್ಲೂ ಸುಮಾರು 0.25 ಮಿ.ಮೀ. ಬರೆಯುವ ಕಾಗದದ ಎರಡೂವರೆ ಹಾಳೆಯ ದಪ್ಪ. ಟ್ರಿಮ್ ಉದ್ದಕ್ಕೆ ತಂದ ಕೇಸ್ ಮತ್ತೆ ಗರಿಷ್ಠ ಮುಟ್ಟುವವರೆಗೆ ಬೆಳೆಯೋಕೆ ಇರುವ ಜಾಗ ಅದು. ಇಂಚಿನಲ್ಲಿ ಹೇಳಿದರೆ 0.010. ಟ್ರಿಮ್ಮರ್‌ಗಳ ವಿವರಣೆಯಲ್ಲಿ ಥೌ ಅನ್ನೋ ಮಾತು ಪದೇಪದೇ ಬರುತ್ತದೆ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 0.025 ಮಿ.ಮೀ. ಒಳ್ಳೆಯ ಟ್ರಿಮ್ಮರ್ ಒಂದೆರಡು ಥೌ ಆಚೀಚೆಯೊಳಗೆ ಎಲ್ಲ ಕೇಸನ್ನೂ ಕತ್ತರಿಸುತ್ತದೆ. ನಿಮಗಿರುವ ಜಾಗ ಹತ್ತು ಥೌ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ, ಅರ್ಧ ಥೌ ನಿಖರತೆಗಾಗಿ ದುಬಾರಿ ಸಾಧನ ಬೇಕೇ ಅನ್ನೋ ಪ್ರಶ್ನೆಗೆ ಬಹಳ ಜನರಿಗೆ ಉತ್ತರ ಸಿಕ್ಕಿಬಿಡುತ್ತದೆ.

ಎಷ್ಟೇ ಕಮ್ಮಿ ಖರ್ಚಿನಲ್ಲಿ ಶುರು ಮಾಡಿದರೂ ಒಳ್ಳೆಯ ಕ್ಯಾಲಿಪರ್ ಮಾತ್ರ ಬಿಡಬೇಡಿ. ಟ್ರಿಮ್ಮರ್ ಸರಿಯಾಗಿ ಕತ್ತರಿಸಿದೆಯೇ ಅಂತ ಹೇಳೋದು ಅದೇ. ಅಳೆಯೋದು ಯಾವಾಗಲೂ ಸೈಜಿಂಗ್ ಆದ ಮೇಲೆ. ಹಿಂಡಿದಾಗ ಉದ್ದ ಬದಲಾಗುತ್ತದೆ, ಅದಕ್ಕೆ ಮೊದಲೇ ಅಳೆದರೆ ಆ ಅಂಕಿಗೆ ಅರ್ಥವಿಲ್ಲ.

## ಮುಖ್ಯ ಪ್ರಶ್ನೆ: ಅಳತೆ ಎಲ್ಲಿಂದ

ಒಬ್ಬರ ಎತ್ತರ ಅಳೆಯಬೇಕು. ನೆಲದಿಂದ ನೆತ್ತಿಯವರೆಗೆ ಅಳೆಯಬಹುದು. ಅಥವಾ ಭುಜದಿಂದ ನೆತ್ತಿಯವರೆಗೆ ಮಾತ್ರ ಅಳೆದು, ಕಾಲಿಂದ ಭುಜದವರೆಗೆ ಎಲ್ಲರೂ ಒಂದೇ ಅಂತ ಇಟ್ಟುಕೊಳ್ಳಬಹುದು. ಟ್ರಿಮ್ಮರ್‌ಗಳಲ್ಲೂ ಇವೇ ಎರಡು ಜಾತಿ.

ಬುಡದಿಂದ ಅಳೆಯುವ ಟ್ರಿಮ್ಮರ್‌ನಲ್ಲಿ ಕೇಸಿನ ಬುಡ ಅಥವಾ ರಿಮ್ ಒಂದು ಕಡೆ ಕೂರುತ್ತದೆ, ಅಲ್ಲಿಂದ ಇಷ್ಟು ದೂರದಲ್ಲಿ ಬ್ಲೇಡ್ ನಿಲ್ಲುತ್ತದೆ. ಕೈಪಿಡಿಯ ಅಂಕಿಯೂ ಬುಡದಿಂದಲೇ, ಕ್ಯಾಲಿಪರ್ ಅಳೆಯೋದೂ ಬುಡದಿಂದಲೇ. ಲೆಕ್ಕ ನೇರ. ಆದರೆ ರಿಮ್ ಹಿಡಿದು ಕೂರಿಸುವ ಮಾದರಿಗಳಲ್ಲಿ ರಿಮ್ ನೆಟ್ಟಗಿರಬೇಕು. ತಾನಾಗಿ ಲೋಡ್ ಆಗುವ ಕೋವಿಗಳು ಖಾಲಿ ಕೇಸನ್ನು ರಿಮ್ ಹಿಡಿದು ಕಿತ್ತು ಎಸೆಯುತ್ತವೆ. ಆಗ ರಿಮ್ ಸೊಟ್ಟಗಾಗುತ್ತದೆ, ಸಣ್ಣ ಮುಳ್ಳು ಏಳುತ್ತದೆ. ಅಂಥ ಕೇಸ್ ಸರಿಯಾಗಿ ಕೂರೋದಿಲ್ಲ, ಕಟ್ ಹೆಚ್ಚುಕಮ್ಮಿ ಆಗುತ್ತದೆ.

ಭುಜದಿಂದ ಅಳೆಯುವ ಟ್ರಿಮ್ಮರ್‌ನಲ್ಲಿ ಕೇಸನ್ನು ಬಾಯಿ ಮುಂದು ಮಾಡಿ ತೂತಿಗೆ ತಳ್ಳುತ್ತೇವೆ. ಒಳಗಿನ ಇಳಿಜಾರಿಗೆ ಭುಜ ತಗುಲಿದ ಕೂಡಲೇ ನಿಲ್ಲುತ್ತದೆ. ಬ್ಲೇಡ್ ಕತ್ತಿನ ತುದಿಯನ್ನು ಮಾತ್ರ ಹೆರೆಯುತ್ತದೆ. ಬುಡ, ರಿಮ್ ಹೇಗೇ ಇರಲಿ, ಇದಕ್ಕೆ ಲೆಕ್ಕಕ್ಕಿಲ್ಲ.

ಈಗ ಒಂದು ಸೂಕ್ಷ್ಮ ನೋಡಿ. ಎರಡು ಕೇಸ್ ಸೈಜ್ ಮಾಡಿದಿರಿ. ಒಂದಕ್ಕೆ ಗ್ರೀಸ್ ಚೆನ್ನಾಗಿ ತಾಗಿತ್ತು, ಇನ್ನೊಂದಕ್ಕೆ ಸರಿಯಾಗಿ ತಾಗಿರಲಿಲ್ಲ. ಎರಡನೆಯದರ ಭುಜ 0.05 ಮಿ.ಮೀ. ಎತ್ತರಕ್ಕೆ ನಿಂತಿತು. ಬುಡದಿಂದ ಅಳೆಯುವ ಸಾಧನಕ್ಕೆ ಕೊಟ್ಟರೆ ಎರಡರ ಒಟ್ಟು ಉದ್ದವೂ ಒಂದೇ ಬರುತ್ತದೆ, ಕತ್ತಿನ ಉದ್ದದಲ್ಲಿ 0.05 ವ್ಯತ್ಯಾಸ. ಭುಜದಿಂದ ಅಳೆಯುವುದಕ್ಕೆ ಕೊಟ್ಟರೆ ಕತ್ತು ಎರಡಕ್ಕೂ ಒಂದೇ, ಒಟ್ಟು ಉದ್ದದಲ್ಲಿ 0.05 ವ್ಯತ್ಯಾಸ. ಯಾವುದು ಸರಿ?

ಎರಡೂ ಸರಿ. .308, .223 ಥರದ ರಿಮ್ ಹೊರಚಾಚದ ತೋಟಾಗಳು ಚೇಂಬರಿನಲ್ಲಿ ಮುಂದಕ್ಕೆ ಹೋಗಿ ನಿಲ್ಲೋದು ಭುಜದ ಆಸರೆಯಲ್ಲಿ. ಹಾಗಾಗಿ ಬಾಯಿ ಚೇಂಬರಿನ ತುದಿಗೆ ಎಷ್ಟು ಹತ್ತಿರ ಬರುತ್ತದೆ ಅನ್ನೋದನ್ನು ತೀರ್ಮಾನಿಸೋದು ಭುಜದಿಂದ ಬಾಯಿಗಿರುವ ದೂರ. ಈ ದೃಷ್ಟಿಯಿಂದ ಭುಜದ ಅಳತೆಗೆ ಒಳ್ಳೆಯ ತರ್ಕವಿದೆ. ಅದರ ಷರತ್ತು ಒಂದೇ: ಸೈಜಿಂಗ್ ಒಂದೇ ಹದದಲ್ಲಿ ಆಗಿರಬೇಕು. ಹಾರಿಸಿ ತಂದ ಕೇಸನ್ನು ಸೈಜ್ ಮಾಡದೆ ನೇರವಾಗಿ ಅದಕ್ಕೆ ತುರುಕಿದರೆ ಉದ್ದ ಎಲ್ಲಿಗೋ ಹೋಗುತ್ತದೆ. ಇನ್ನು .45-70ರಂಥ ನೇರ ಮೈಯ ಕೇಸಿಗೆ ಭುಜವೇ ಇಲ್ಲ. ಅದಕ್ಕೆ ಬುಡದಿಂದ ಅಳೆಯುವ ಸಾಧನವೇ ಗತಿ.

## ಕಡ್ಡಿ ಮತ್ತು ಕಟ್ಟರ್: ಎಲ್ಲಕ್ಕಿಂತ ಸರಳ

ಲೀ ಕಂಪನಿಯ ಕೇಸ್ ಲೆಂತ್ ಗೇಜ್ ಈ ಜಾತಿಗೆ ಒಳ್ಳೆಯ ಉದಾಹರಣೆ. ಪೆನ್ಸಿಲ್ ಶಾರ್ಪನರ್‌ನಷ್ಟು ಸಣ್ಣ ಕಟ್ಟರ್, ಅದಕ್ಕೆ ತಿರುಗಿಸಿ ಕೂರಿಸುವ ಒಂದು ಉಕ್ಕಿನ ಕಡ್ಡಿ, ಕೇಸಿನ ಬುಡ ಹಿಡಿಯೋಕೆ ಒಂದು ಹೋಲ್ಡರ್. ಅಷ್ಟೇ ಸಾಮಾನು.

ಕೆಲಸ ಮಾಡುವ ರೀತಿ ಮಾತ್ರ ಬಹಳ ಚಂದ. ಕಡ್ಡಿಯನ್ನು ಬಾಯಿಯಿಂದ ಒಳಗೆ ಬಿಟ್ಟರೆ ಅದರ ಸಪೂರ ತುದಿ ಫ್ಲ್ಯಾಶ್ ಹೋಲ್ ದಾಟಿ ಕೆಳಗೆ ಹೋಲ್ಡರಿನ ಲೋಹಕ್ಕೆ ಮುಟ್ಟುತ್ತದೆ. ಮುಟ್ಟುವವರೆಗೆ ಕಟ್ಟರ್ ಬಾಯಿಯನ್ನು ಹೆರೆಯುತ್ತಿರುತ್ತದೆ. ಮುಟ್ಟಿದ ಮೇಲೆ ನೀವು ಎಷ್ಟು ತಿರುಗಿಸಿದರೂ ಏನೂ ಬೀಳೋದಿಲ್ಲ. ಸರಸರ ಅಂತಿದ್ದ ಸದ್ದು ನಿಂತು, ನುಣ್ಣಗೆ ಜಾರಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಉದ್ದವನ್ನು ನೀವು ಹೊಂದಿಸುವ ಗೋಜೇ ಇಲ್ಲ, ಕಡ್ಡಿಯ ಉದ್ದದಲ್ಲೇ ಅದು ಬಂದುಬಿಟ್ಟಿದೆ. ಹೋಲ್ಡರನ್ನು ಡ್ರಿಲ್ ಮೆಷಿನ್ನಿಗೆ ಕಚ್ಚಿಸಿದರೆ ಕೈನೋವೂ ತಪ್ಪುತ್ತದೆ, ವೇಗವೂ ಬರುತ್ತದೆ.

ಮಿತಿಗಳು? ಒಂದೊಂದು ತೋಟಾಕ್ಕೂ ಬೇರೆ ಕಡ್ಡಿ ಬೇಕು. ಉದ್ದ ಬದಲಿಸೋಕೆ ಆಗೋದಿಲ್ಲ. ಹಳೆ ಪ್ರೈಮರ್ ಮೊದಲೇ ತೆಗೆದಿರಬೇಕು. ಬರ್ಡನ್ ಮಾದರಿಯ ಕೇಸ್‌ಗಳಲ್ಲಿ ನಟ್ಟನಡುವೆ ತೂತಿರೋದಿಲ್ಲ, ಪಕ್ಕಕ್ಕೆ ಎರಡು ಸಣ್ಣ ತೂತಿರುತ್ತವೆ. ಅಲ್ಲಿ ಕಡ್ಡಿ ಇಳಿಯೋದೇ ಇಲ್ಲ.

ಒಂದೋ ಎರಡೋ ಬಗೆಯ ತೋಟಾ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಕೇಸ್. ಇಷ್ಟೇ ನಿಮ್ಮ ಕೆಲಸವಾದರೆ ಇದನ್ನು ಬಿಟ್ಟು ಬೇರೆ ಯೋಚಿಸಬೇಕಾದ ಕಾರಣ ನನಗಂತೂ ಕಾಣೋದಿಲ್ಲ.

## ಕೈಯಲ್ಲಿ ತಿರುಗಿಸುವ ಪುಟ್ಟ ಲೇತ್

ಫಾರ್ಸ್ಟರ್, ಲೈಮನ್, ಆರ್‌ಸಿಬಿಎಸ್, ರೆಡ್ಡಿಂಗ್, ಹಾರ್ನಡಿ ಕಂಪನಿಗಳು ಮಾಡುವ ಟ್ರಿಮ್ಮರ್‌ಗಳಲ್ಲಿ ಬಹಳಷ್ಟು ಈ ಆಕಾರದವು. ಮೇಜಿಗೆ ಬಿಗಿಯುವ ಒಂದು ಉದ್ದನೆಯ ಪೀಠ. ಒಂದು ತುದಿಯಲ್ಲಿ ಕೇಸಿನ ಬುಡ ಕಚ್ಚುವ ಹಿಡಿ, ಇನ್ನೊಂದು ತುದಿಯಲ್ಲಿ ಕಟ್ಟರ್, ತಿರುಗಿಸೋಕೆ ಹಿಡಿಕೆ. ಕಟ್ಟರಿನ ಮುಂದೆ ಪೈಲಟ್ ಅನ್ನೋ ಸಣ್ಣ ಗೂಟ ಇರುತ್ತದೆ. ಅದು ಕತ್ತಿನೊಳಗೆ ಹೋಗಿ ಬ್ಲೇಡನ್ನು ನೆಟ್ಟಗೆ ಇಡುತ್ತದೆ.

ಇದರ ದೊಡ್ಡ ಲಾಭ ಹೊಂದಾಣಿಕೆ. ಪೈಲಟ್ ಬದಲಿಸಿದರೆ ಹತ್ತಾರು ಬಗೆಯ ತೋಟಾ ಇದೊಂದರಲ್ಲೇ ಆಗುತ್ತದೆ. ಉದ್ದ ನಿಮಗೆ ಬೇಕಾದಷ್ಟಕ್ಕೆ ಹೊಂದಿಸಬಹುದು. ಕಿರಿಕಿರಿಯೂ ಅದೇ ಜಾಗದಿಂದ ಶುರು. ಹೊಂದಿಸೋಕೆ ಸಮಯ ಬೇಕು, ಪ್ರತಿ ಕೇಸನ್ನೂ ಕಚ್ಚಿಸಿ ಬಿಡಿಸಬೇಕು. ನೂರು ಕೇಸ್ ಮುಗಿಯುವ ಹೊತ್ತಿಗೆ ಮಣಿಕಟ್ಟು ಸೋತಿರುತ್ತದೆ. ಆದ್ದರಿಂದ ಕೊಳ್ಳುವಾಗಲೇ ಒಂದು ವಿಷಯ ನೋಡಿಕೊಳ್ಳಿ: ಹಿಡಿಕೆ ಬಿಚ್ಚಿ ಡ್ರಿಲ್ ಕಚ್ಚಿಸೋಕೆ ಆಗುತ್ತದೆಯೇ? ಬಹಳಷ್ಟರಲ್ಲಿ ಆ ಅನುಕೂಲ ಸಿಗುತ್ತದೆ.

ಪೈಲಟ್ ಕತ್ತಿನೊಳಗೆ ಬಿಗಿಯಾದರೆ ಹಿತ್ತಾಳೆ ಅದಕ್ಕೆ ಮೆತ್ತಿಕೊಳ್ಳುತ್ತದೆ, ಕತ್ತಿನ ಒಳಮೈ ಗೀರಾಗುತ್ತದೆ. ಬಲ ಹಾಕಿ ತಳ್ಳಬೇಡಿ. ಅಳತೆ ಸರಿಯಿರುವ ಪೈಲಟ್ ಹಾಕಿ, ಒಂದು ತೊಟ್ಟು ಎಣ್ಣೆ ಸವರಿ. ಕಟ್ಟರನ್ನು ಉಲ್ಟಾ ತಿರುಗಿಸೋದೂ ಬೇಡ, ಅದರ ಅಲಗು ಬೇಗ ಮೊಂಡಾಗುತ್ತದೆ.

ಎಲ್.ಇ. ವಿಲ್ಸನ್ ಕಂಪನಿಯ ಟ್ರಿಮ್ಮರ್ ಇದೇ ಜಾತಿಯಲ್ಲಿ ಸ್ವಲ್ಪ ಬೇರೆ. ಅದು ರಿಮ್ಮನ್ನು ಕಚ್ಚೋದಿಲ್ಲ. ಒಳಗೆ ಇಳಿಜಾರಾಗಿ ಕೊರೆದ ಉಕ್ಕಿನ ಕೊಳವೆಗೆ ಕೇಸನ್ನು ಮೆಲ್ಲಗೆ ತಟ್ಟಿ ಕೂರಿಸುತ್ತಾರೆ, ಮೈಯಿಡೀ ಹಿಡಿತಕ್ಕೆ ಸಿಗುತ್ತದೆ. ಬುಡ ಒಂದು ಸ್ಕ್ರೂಗೆ ಮುಟ್ಟಿ ನಿಲ್ಲುತ್ತದೆ. ರಿಮ್ ಸೊಟ್ಟಗಿದ್ದರ ಪರಿಣಾಮ ಕಡಿಮೆ, ಬಾಯಿ ಓರೆಯಾಗದೆ ಸಮವಾಗಿ ಬರುತ್ತದೆ. ಗುರಿ ಸ್ಪರ್ಧೆಗೆ ಹೋಗುವವರು ಇದನ್ನು ಇಷ್ಟಪಡೋದು ಇದಕ್ಕೇ.

## ಮೋಟಾರು, ಡ್ರಿಲ್, ಪ್ರೆಸ್

ಒಂದು ಕೂತಕ್ಕೆ ಐನೂರು ಕೇಸ್ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಕೈಲೇತಿನಲ್ಲಿ ಒಂದಕ್ಕೆ ಅರ್ಧ ನಿಮಿಷ ಅಂತ ಹಿಡಿದರೂ ನಾಲ್ಕು ಗಂಟೆ ದಾಟುತ್ತದೆ. ಭುಜದಿಂದ ಅಳೆಯುವ ಸಾಧನಗಳು ಗೆಲ್ಲೋದು ಇಲ್ಲಿ. ಕಚ್ಚಿಸೋದು ಬಿಡಿಸೋದು ಏನೂ ಇಲ್ಲ. ಕೇಸನ್ನು ಬೆರಳಲ್ಲಿ ಹಿಡಿದು ತೂತಿಗೆ ತಳ್ಳಿ, ಒಂದು ಸುತ್ತು ತಿರುಗಿಸಿ, ಹೊರಗೆ ತೆಗೆದರೆ ಮುಗಿಯಿತು. ಕೆಲವೇ ಸೆಕೆಂಡು.

ಡಬ್ಲ್ಯುಎಫ್‌ಟಿ ಅನ್ನೋ ಸಾಧನವನ್ನು ಡ್ರಿಲ್ಲಿಗೆ ಕಚ್ಚಿಸಬಹುದು. ಡ್ರಿಲ್ ಈಗಾಗಲೇ ಇದ್ದರೆ ವೇಗಕ್ಕೆ ಇದು ಹತ್ತಿರದ ದಾರಿ. ಡ್ರಿಲ್ಲನ್ನು ಮೇಜಿಗೆ ಭದ್ರವಾಗಿ ಬಿಗಿದಿಡಿ, ಒತ್ತಡ ಒಂದೇ ಸಮ ಇರಲಿ. ಒಂದನ್ನು ಮೆಲ್ಲಗೆ, ಇನ್ನೊಂದನ್ನು ರಭಸದಿಂದ ತಳ್ಳಿದರೆ ಉದ್ದವೂ ಹಾಗೇ ಬರುತ್ತದೆ. ಜಿರಾಡ್ ಹೆಸರಿನ ಯಂತ್ರದ ಬ್ಲೇಡ್ ಇನ್ನೊಂದು ಹೆಜ್ಜೆ ಮುಂದೆ: ಉದ್ದ ಕತ್ತರಿಸೋದು, ಬಾಯಿಯ ಒಳ ಅಂಚು ಓರೆ ಮಾಡೋದು, ಹೊರ ಅಂಚಿನ ಸಿಬಿರು ತೆಗೆಯೋದು, ಮೂರೂ ಒಂದೇ ತಳ್ಳಿಗೆ. ಅದರ ಬೆಲೆ ಕೈಸಾಧನದ ಎಷ್ಟೋ ಪಟ್ಟು. ಆದರೆ ಮೂರು ಕೆಲಸ ಒಂದಾಗಿದ್ದು ಎಷ್ಟು ದೊಡ್ಡ ನೆಮ್ಮದಿ ಅಂತ ಇನ್ನೂರನೇ ಕೇಸಿನ ಹೊತ್ತಿಗೆ ಗೊತ್ತಾಗುತ್ತದೆ.

ಡಿಲ್ಲನ್ ಕಂಪನಿಯದು ರೀಲೋಡಿಂಗ್ ಪ್ರೆಸ್ಸಿನ, ಅಂದರೆ ಕೇಸನ್ನು ಡೈಗೆ ಒತ್ತುವ ಯಂತ್ರದ, ಮೇಲೇ ಕೂರುವ ಮೋಟಾರು ಟ್ರಿಮ್ಮರ್. ವಿಶೇಷ ಡೈಯೊಂದು ಕೇಸನ್ನು ಸೈಜ್ ಮಾಡುತ್ತದೆ, ಅದೇ ಹೊತ್ತಿಗೆ ಮೇಲಿಂದ ಬ್ಲೇಡ್ ಬಾಯಿ ಹೆರೆಯುತ್ತದೆ. ಹಿತ್ತಾಳೆ ಚೂರನ್ನು ಎಳೆದುಕೊಳ್ಳೋಕೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಬೇಕು. ಸಾವಿರಗಟ್ಟಲೆ .223 ತಯಾರಿಸುವವರಿಗೆ ಹೇಳಿ ಮಾಡಿಸಿದ್ದು. ಉಳಿದವರಿಗೆ ಸುಮ್ನೆ ಭಾರ.

ಹಳೆಯ ಕಾಲದ ಅರದ ಡೈ ಕೂಡ ಇದೆ. ಗಟ್ಟಿ ಉಕ್ಕಿನ ಡೈಯ ಮೇಲೆ ಕೇಸಿನ ಬಾಯಿ ಇಣುಕುತ್ತದೆ, ಇಣುಕಿದಷ್ಟನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ. ನಿಧಾನ, ಆದರೆ ತಪ್ಪಾಗೋದು ಕಷ್ಟ.

## ಹಾಗಾದರೆ ನಿಮಗೆ ಯಾವುದು

ಮೊದಲು ಕಳೆದ ಆರು ತಿಂಗಳಲ್ಲಿ ನಿಜವಾಗಿ ಎಷ್ಟು ಕೇಸ್ ತುಂಬಿದಿರಿ ಅಂತ ನೆನಪಿಸಿಕೊಳ್ಳಿ. ಮುಂದೆ ತುಂಬಬೇಕು ಅಂದುಕೊಂಡ ಲೆಕ್ಕ ಬೇಡ. ಬೇಟೆಯ ಕೋವಿಗೆ ವರ್ಷಕ್ಕೆ ಐವತ್ತು ನೂರು ತುಂಬುವವರಿಗೆ ಕಡ್ಡಿ ಮತ್ತು ಕಟ್ಟರ್ ಸಾಕು. ನಾಲ್ಕೈದು ಬಗೆಯ ಕೋವಿ ಇಟ್ಟುಕೊಂಡು ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪ ತುಂಬುವವರಿಗೆ ಲೇತ್ ಮಾದರಿ ಹೊಂದುತ್ತದೆ, ಏಕೆಂದರೆ ಪ್ರತಿಯೊಂದಕ್ಕೂ ಬೇರೆ ಸಾಧನ ಕೊಳ್ಳುವ ತಾಪತ್ರಯ ಇಲ್ಲ. ಒಂದೇ ತೋಟಾ, ಆದರೆ ರಾಶಿ ರಾಶಿ ಅಂದರೆ ಭುಜದಿಂದ ಅಳೆಯುವ ವೇಗದ ಸಾಧನ.

ಕೇಸ್ ಎಲ್ಲಿಂದ ಬರುತ್ತದೆ ಅನ್ನೋದೂ ಮುಖ್ಯ. ಶೂಟಿಂಗ್ ರೇಂಜಿನ ನೆಲದಿಂದ ಹೆಕ್ಕಿದ, ಹತ್ತು ಕೋವಿಗಳಿಂದ ಹಾರಿದ ಕೇಸ್‌ಗಳ ರಿಮ್ ಒಂದೊಂದು ಥರ ಇರುತ್ತದೆ. ರಿಮ್ ಕಚ್ಚುವ ಟ್ರಿಮ್ಮರ್‌ಗೆ ಅವು ಬೇಸರ ತರುತ್ತವೆ. ನಿಮ್ಮದೇ ಬೋಲ್ಟ್ ಕೋವಿಯಿಂದ ಮೆಲ್ಲಗೆ ತೆಗೆದ ಕೇಸ್‌ಗಳಾದರೆ ಆ ಚಿಂತೆ ಇಲ್ಲ.

ಗುಂಡಿಗೆ ಕ್ರಿಂಪ್ ಹಾಕುವವರು, ಅಂದರೆ ಬಾಯಿಯನ್ನು ಗುಂಡಿನ ಗೀರಿಗೆ ಒತ್ತಿ ಬಿಗಿ ಮಾಡುವವರು, ಎಲ್ಲ ಕೇಸ್ ಒಂದೇ ಉದ್ದ ಬರೋದಕ್ಕೆ ಜಾಸ್ತಿ ಒತ್ತು ಕೊಡಬೇಕು. ಉದ್ದ ಏರುಪೇರಾದರೆ ಒಂದಕ್ಕೆ ಬಿಗಿ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ.

## ಮೊದಲ ಕಟ್

ಯಾವ ಸಾಧನವೇ ಆಗಲಿ, ಹೊಂದಿಸುವಾಗ ಉದ್ದದ ಕಡೆಯಿಂದ ಶುರು ಮಾಡಿ ಮೆಲ್ಲಗೆ ಇಳಿಸಿ. ತೆಗೆದದ್ದನ್ನು ಮತ್ತೆ ಸೇರಿಸೋಕೆ ಆಗೋದಿಲ್ಲ. ಒಂದು ಹಾಳು ಕೇಸಿನ ಮೇಲೆ ಪ್ರಯೋಗ ಮಾಡಿ. ಅಂಕಿ ಸರಿ ಬಂದ ಮೇಲೆ ಹತ್ತು ಕೇಸ್ ಕತ್ತರಿಸಿ, ಹತ್ತನ್ನೂ ಅಳೆಯಿರಿ. ಕ್ಯಾಲಿಪರ್‌ನ ದವಡೆ ಮುಚ್ಚಿ ಸೊನ್ನೆ ಬರುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ. ದವಡೆಯ ನಡುವೆ ಕೇಸನ್ನು ಕೊಂಚ ತಿರುಗಿಸಿ, ನೆಟ್ಟಗೆ ಕೂತಿದೆಯೇ ಅಂತ ಖಚಿತ ಮಾಡಿಕೊಂಡು ಅಂಕಿ ಓದಿ.

ಕತ್ತರಿಸಿದ ಬಾಯಿಯ ಮೇಲೆ ಉಗುರು ಎಳೆದು ನೋಡಿ. ಒಳಗೂ ಹೊರಗೂ ತೆಳ್ಳನೆಯ ಸಿಬಿರು ಉಗುರಿಗೆ ತಗುಲುತ್ತದೆ. ಹೀಗೇ ಬಿಟ್ಟು ಗುಂಡು ಕೂರಿಸಿದರೆ ಗುಂಡಿನ ತಾಮ್ರದ ಹೊದಿಕೆ ಸುರುಳಿಯಾಗಿ ಸಿಪ್ಪೆ ಏಳುತ್ತದೆ. ಅದಕ್ಕಾಗಿ ಬಾಯಿಯ ಒಳ ಅಂಚನ್ನು ಓರೆ ಮಾಡಬೇಕು, ಹೊರ ಅಂಚಿನ ಸಿಬಿರು ತೆಗೆಯಬೇಕು. ಎರಡೂ ತುದಿಯಲ್ಲಿ ಬ್ಲೇಡಿರುವ ಒಂದು ಪುಟ್ಟ ಕೈಸಾಧನ ಸಾಕು. ಎರಡು ಮೂರು ಸುತ್ತು ಹಗುರವಾಗಿ ತಿರುಗಿಸಿ. ಬಾಯಿ ಚೂರಿಯ ಹಾಗೆ ಹರಿತವಾಗುವಷ್ಟು ಹೆರೆಯಬೇಡಿ. ಟ್ರಿಮ್ಮರ್ ಬೆಲೆ ಲೆಕ್ಕ ಹಾಕುವಾಗ ಈ ಸಾಧನವನ್ನೂ, ಇದಕ್ಕೆ ಹಿಡಿಯುವ ಸಮಯವನ್ನೂ ಸೇರಿಸಿಕೊಳ್ಳಿ. ಬಹಳ ಜನ ಮರೆಯೋದು ಇದನ್ನೇ.

ಪ್ರೈಮರ್ ಜೀವಂತ ಇರುವ ಕೇಸನ್ನಾಗಲಿ, ತುಂಬಿದ ತೋಟಾವನ್ನಾಗಲಿ ಟ್ರಿಮ್ಮರ್‌ಗೆ ಕೊಡಲೇಬೇಡಿ. ಹಿತ್ತಾಳೆ ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಇರಲಿ. ಹಾರಿಸಿದ ಕೇಸಿನೊಳಗಿನ ಮಸಿಯಲ್ಲಿ ಪ್ರೈಮರಿನಿಂದ ಬಂದ ಸೀಸ ಇರುತ್ತದೆ. ಕೆಲಸದ ಮೇಜಿನ ಹತ್ತಿರ ಏನೂ ತಿನ್ನಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

## ಕತ್ತಿನಲ್ಲಿ ಕತ್ತರಿಸಿದ ಹಿತ್ತಾಳೆ ಎಲ್ಲಿಂದ ಬಂತು

ಟ್ರಿಮ್ಮರ್ ಕೆಳಗೆ ಬಿದ್ದ ಹೊಳೆಯುವ ಚೂರುಗಳನ್ನು ನೋಡಿ. ಈ ಹಿತ್ತಾಳೆ ಹೊಸದಾಗಿ ಹುಟ್ಟಿದ್ದಲ್ಲ. ಕೇಸಿನ ಮೈಯಿಂದ ಮೇಲಕ್ಕೆ ಹರಿದು ಬಂದದ್ದು. ಅಂದರೆ ಕೆಳಗೆ ಎಲ್ಲೋ ಗೋಡೆ ತೆಳ್ಳಗಾಗಿದೆ.

ಹಾಗೆ ತೆಳ್ಳಗಾಗುವ ಜಾಗ ಸಾಮಾನ್ಯವಾಗಿ ಬುಡಕ್ಕಿಂತ ಸ್ವಲ್ಪ ಮೇಲೆ. ಹಾರಿದಾಗ ಮುಂದಿನ ಮೈ ಗೋಡೆಗೆ ಅಂಟಿಕೊಂಡಿರುತ್ತದೆ, ಬುಡ ಹಿಂದಕ್ಕೆ ತಳ್ಳಲ್ಪಡುತ್ತದೆ, ನಡುವಿನ ಭಾಗ ಎಳೆದುಕೊಳ್ಳುತ್ತದೆ. ಸೈಜಿಂಗ್‌ನಲ್ಲಿ ಭುಜವನ್ನು ಬೇಕಾದ್ದಕ್ಕಿಂತ ಕೆಳಗೆ ತಳ್ಳಿದಷ್ಟೂ ಈ ಎಳೆತ ಜಾಸ್ತಿ. ಹಾಗಾಗಿ ಒಂದು ಕೇಸ್ ಪದೇಪದೇ ಟ್ರಿಮ್ ಕೇಳುತ್ತಿದೆ ಅಂದರೆ ಟ್ರಿಮ್ಮರ್ ಪಕ್ಕಕ್ಕಿಟ್ಟು ಮೊದಲು ಡೈ ಹೊಂದಾಣಿಕೆ ನೋಡಿ.

ಬೆಳಕಿಗೆ ಹಿಡಿದರೆ ಬುಡದ ಮೇಲೆ ಸುತ್ತಲೂ ಒಂದು ಹೊಳೆಯುವ ಗೆರೆ ಕಾಣಬಹುದು. ಕಾಣದಿದ್ದರೂ ಒಳಗೆ ನೋಡೋಕೆ ದಾರಿಯಿದೆ. ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿಯನ್ನು ಚೂಪು ಮಾಡಿ, ಕೊಕ್ಕೆಯ ಹಾಗೆ ಸ್ವಲ್ಪ ಬಗ್ಗಿಸಿ. ಬಾಯಿಯಿಂದ ಒಳಗೆ ಬಿಟ್ಟು, ತಳ ಮುಟ್ಟಿಸಿ, ಗೋಡೆಗೆ ಒತ್ತಿಕೊಂಡು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಒಳ್ಳೆಯ ಕೇಸಿನಲ್ಲಿ ಅದು ನುಣ್ಣಗೆ ಜಾರುತ್ತದೆ. ತೆಳ್ಳಗಾದ ಕಡೆ ಸಣ್ಣ ಹಳ್ಳಕ್ಕೆ ಇಳಿದು ಟಕ್ಕನೆ ತಗುಲುತ್ತದೆ. ಹಾಗೆ ತಗುಲಿದ ಕೇಸಿನ ಉದ್ದ ಎಷ್ಟೇ ಸರಿಯಿರಲಿ, ಮುಂದಿನ ಸಲ ಅದು ಎರಡು ತುಂಡಾಗಬಹುದು. ಇಕ್ಕಳದಿಂದ ಬಾಯಿ ಹಿಸುಕಿ ಗುಜರಿ ಡಬ್ಬಿಗೆ ಹಾಕಿ, ಮತ್ತೆ ಯಾರ ಕೈಗೂ ಅದು ಒಳ್ಳೆಯ ಕೇಸ್ ಅಂತ ಸಿಗದ ಹಾಗೆ.